ಮುಟ್ಟದೆ ಎಣಿಸುವ ಪೆಟ್ಟಿಗೆ

ಕಾಯಿಲೆಯ ಮನೆಗೆ ನಗು ಹೇಳದೆ ಕೇಳದೆ ಬರುತ್ತದೆ. ಕಾಕ್ಸ್ ಟೌನಿನ ನಮ್ಮ ಮನೆಗೂ ಹಾಗೆಯೇ ಬರುತ್ತಿತ್ತು.

ಮೊದಲ ದಿನ

ಅಂದು ಸೋಮವಾರ. ನಾನು ಏಳನೇ ತರಗತಿಯ ಗಣಿತದ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಬೇಕರಿಗೆ ಹೋಗಿದ್ದ ನಮ್ಮ ಯಜಮಾನರು ಖಾರಾ ಬನ್ನಿನ ಪೊಟ್ಟಣ ಹಿಡಿದು ಬಾಗಿಲ ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ಉಸಿರು ಸಾಲುತ್ತಿರಲಿಲ್ಲ.

ಹೃದಯ ಸೋತಿದೆ, ಓಡಾಟ ಬೇಡ, ಬನ್ನೂ ಬೇಡ, ಉಸಿರು ನಿಮಿಷಕ್ಕೆ ಮೂವತ್ತು ದಾಟಿದರೆ ಕೂಡಲೇ ಕರೆತನ್ನಿ ಎಂದರು ಡಾಕ್ಟರು. ಉಸಿರು ಎಣಿಸಲು ಮೈಗೆ ವೈರು ಅಂಟಿಸಿದರೆ ಇವರು ಕಿತ್ತೆಸೆಯುತ್ತಿದ್ದರು. ಆಗ ಪ್ರಯೋಗಾಲಯವೊಂದರಲ್ಲಿದ್ದ ನನ್ನ ಹಳೆಯ ವಿದ್ಯಾರ್ಥಿನಿ ತಾನೇ ಮಾಡಿದ ಪೆಟ್ಟಿಗೆಯನ್ನು ತಂದು ಮಂಚದೆದುರಿನ ಗೋಡೆಗೆ ಹಾಕಿದಳು. ಅಂಕಿ ತೋರಿಸುವ ಪರದೆ ಅಡುಗೆಮನೆಯಲ್ಲಿ.

"ರೇಡಾರ್, ಸಾರ್. ಮುಟ್ಟೋದೇ ಇಲ್ಲ. ನಿಮ್ಮ ಎದೆ ಏಳೋದು ಇಳಿಯೋದು ಅಲ್ಲಿಂದಲೇ ಎಣಿಸುತ್ತೆ."

"ಇದೇನಮ್ಮ ಹೊಸದು? ನಿಮ್ಮ ಮೇಡಂ ಮೂವತ್ತು ವರ್ಷದಿಂದ ಅಡುಗೆಮನೆಯಿಂದಲೇ ನನ್ನ ಕಳ್ಳತನ ಹಿಡೀತಿದ್ದಾರೆ."

ಐವತ್ತೊಂದು

ಮಹಡಿಯಲ್ಲಿ ಬಾಡಿಗೆಗಿದ್ದ ಕಲಬುರಗಿಯ ಹೆಂಗಸು ಗಂಡನ ಜೊತೆ ನೋಡಲು ಬಂದರು. ಕಾಯಿಲೆಯವರನ್ನು ನೋಡಲು ಬಂದವರು ಮಂಚದ ಮೇಲೆಯೇ ಕೂರಬೇಕು. ಕುರ್ಚಿಯಲ್ಲಿ ಕೂತರೆ ಪ್ರೀತಿ ಕಡಿಮೆಯಾದಂತೆ. ಅಡುಗೆಮನೆಯಲ್ಲಿ ಕಾಫಿ ಸೋಸುತ್ತಾ ಪರದೆ ನೋಡಿದೆ: ಐವತ್ತೊಂದು. ಲೋಟ ಬಿಟ್ಟು "ಐವತ್ತೊಂದು!" ಎನ್ನುತ್ತಾ ಓಡಿದೆ.

ಮೂವರೂ ಹೆಗಲಿಗೆ ಹೆಗಲು ತಾಗಿಸಿ ಕೂತು ಹರಟುತ್ತಿದ್ದರು.

"ಗಾಬರಿ ಬೇಡ ಕಣೇ," ಎಂದರು ಇವರು, "ಮೂರರಿಂದ ಭಾಗಿಸು."

"ಅಕ್ಕಾರ, ಇದನ್ನ ನಮಗೂ ಒಂದಿನ ಕೊಡ್ರಿ," ಎಂದರು ಆಕೆ. "ಕೆಲಸ ಹೇಳಿದ ಕೂಡ್ಲೇ ನಮ್ಮನಿಯವ್ರು ನಿದ್ದಿ ನಾಟಕ ಮಾಡ್ತಾರ."

ಶಿಸ್ತಿನ ಉಸಿರು

ನಾನು ಎಲ್ಲ ಅಂಕಿಗಳನ್ನೂ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ಭಾನುವಾರ ಬಂದ ವಿದ್ಯಾರ್ಥಿನಿ ಒಂದು ಸಾಲಿನ ಮೇಲೆ ಬೆರಳಿಟ್ಟಳು.

"ಮೇಡಂ, ನಿನ್ನೆ ಅರ್ಧ ಗಂಟೆ ಪೂರ್ತಿ ಹನ್ನೆರಡು. ಮನುಷ್ಯರು ಇಷ್ಟು ಶಿಸ್ತಾಗಿ ಉಸಿರಾಡಲ್ಲ."

ನಾನು ಮಂಚದ ಕಡೆ ತಿರುಗಿದೆ. ಇವರು ಸೂರು ನೋಡತೊಡಗಿದರು. ಕತ್ತು ತಿರುಗಿಸುವ ಟೇಬಲ್ ಫ್ಯಾನಿಗೆ ತಮ್ಮ ಶಾಲು ಹೊದಿಸಿ, ಮಂಚದ ಮೇಲೆ ಕೂರಿಸಿ, ಹಿಂಬಾಗಿಲಿನಿಂದ ಬೇಕರಿಗೆ ಹೋಗಿಬಂದಿದ್ದರಂತೆ.

ಅವಳು ಆ ಸಾಲಿನ ಪಕ್ಕ ಬರೆದಳು: "ಫ್ಯಾನ್ ಆರೋಗ್ಯವಾಗಿದೆ."

ಖಾಲಿ ಕೋಣೆ

ಆಷಾಢದಲ್ಲಿ ಅವರು ಆಸ್ಪತ್ರೆಯಲ್ಲಿ ತೀರಿಕೊಂಡರು. ಹದಿಮೂರನೇ ದಿನ ಕಳೆದ ಮೇಲೆ ವಿದ್ಯಾರ್ಥಿನಿ ಪೆಟ್ಟಿಗೆ ಒಯ್ಯಲು ಬಂದಳು. ಬಿಚ್ಚುವ ಮುಂಚೆ ಒಮ್ಮೆ ಪರೀಕ್ಷಿಸೋಣವೆಂದು ಅಡುಗೆಮನೆಯಿಂದಲೇ ಸ್ವಿಚ್ ಹಾಕಿದಳು.

ಪರದೆಯ ಮೇಲೆ ಹನ್ನೆರಡು.

ಇಬ್ಬರೂ ಓಡಿದೆವು. ಕಿಟಕಿಯ ಪಕ್ಕ ಫ್ಯಾನು ಅವರ ಶಾಲು ಹೊದ್ದು ನಿಧಾನವಾಗಿ ಕತ್ತು ತಿರುಗಿಸುತ್ತಿತ್ತು. "ಈ ಶಾಲು ಇಲ್ಲಿ ಯಾರು ಹಾಕಿದ್ದು?" ಎಂದು ಕೂಗಿದೆ.

"ನಾನೇ ಒಗೆದು ಹಾಕೀನ್ರಿ ಅಕ್ಕಾರ," ಮಹಡಿಯಿಂದ ದನಿ ಬಂತು. "ಹೊರಗ ಮಳಿ ಅದ ರೀ, ಒಣಗಂಗಿಲ್ಲ."

ಎಷ್ಟೋ ದಿನದ ಮೇಲೆ ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ಅವಳು ಫ್ಯಾನ್ ಆರಿಸಲು ಕೈ ಚಾಚಿದಳು.

"ಬಿಡಮ್ಮ, ಒಣಗಲಿ," ಎಂದೆ.

ನೋಟ್‌ಬುಕ್ಕಿನಲ್ಲಿ ಬರೆದೆ: ಬೆಳಿಗ್ಗೆ ಹತ್ತು ಗಂಟೆ, ಹನ್ನೆರಡು.