ಮಾಜಿ ಮಹಾಮಂತ್ರಿಗಳ ವಿಗ್ರಹದ ತಲೆ ಬದಲಾವಣೆ

ಸಂಖ್ಯೆ: ವಿಗ್ರಹ/ತಲೆ/17
ಲಿನ್‌ಪು ಪ್ರಾಂತ್ಯ ಕಚೇರಿ, ಒಂಬತ್ತನೆಯ ತಿಂಗಳು, ಮೂರನೆಯ ದಿನ

ವಿಷಯ: ಯಿನ್ ದಾವ್‌ಮಿಂಗ್ ಅವರ ಗುಡಿಯಲ್ಲಿ ಮುಂದಿನ ವ್ಯವಸ್ಥೆ ಕುರಿತು.

ಉಲ್ಲೇಖ: 1. ಸದರಿಯವರಿಗೆ ಬದುಕಿರುವಾಗಲೇ ಗುಡಿ ಕಟ್ಟಿಸಿ ನಿತ್ಯ ಅಡ್ಡಬೀಳಲು ಹೊರಡಿಸಿದ ಸುತ್ತೋಲೆ.
2. ಬಡಗಿ ಪಾಂಗ್‌ನ ಹೆಂಡತಿ ಲ್ಯೂ ಸಲ್ಲಿಸಿದ ಮನವಿ.

ಚಕ್ರವರ್ತಿಗಳೆದುರು ಹದಿನಾಲ್ಕು ವರ್ಷ ದಿನವೂ ಚದುರಂಗದಲ್ಲಿ ಸೋತು ಮಹಾಮಂತ್ರಿಯಾಗಿದ್ದ ಯಿನ್ ಅವರು, ಕಳೆದ ತಿಂಗಳು ಮೈಮರೆತು ಒಂದು ಆಟ ಗೆದ್ದಿದ್ದರಿಂದ ಅವರ ತಲೆಯನ್ನು ತೆಗೆಯಲಾಗಿರುತ್ತದೆ. ಆದ ಕಾರಣ ಸಮಸ್ತ ಸಿಬ್ಬಂದಿಗೆ ಈ ಕೆಳಕಂಡಂತೆ ಆದೇಶಿಸಲಾಗಿದೆ:

1. ವಿಗ್ರಹದ ತಲೆಯನ್ನು ಮಾತ್ರ ಬದಲಿಸಿ ಹೊಸ ಮಹಾಮಂತ್ರಿ ಫು ಅವರ ತಲೆ ಕೂರಿಸತಕ್ಕದ್ದು. ಹೊಟ್ಟೆಯನ್ನು ಹಾಗೆಯೇ ಉಳಿಸಿಕೊಳ್ಳತಕ್ಕದ್ದು.

2. ಈವರೆಗೆ ಅಡ್ಡಬಿದ್ದವರು ನೆಲದಲ್ಲಿ ಬಿದ್ದುಹೋದ ವಸ್ತು ಹುಡುಕುತ್ತಿದ್ದರೆಂದು ಪರಿಗಣಿಸಲಾಗುವುದು. ಆನಂದಬಾಷ್ಪ ಸುರಿಸಿದವರ ಕಣ್ಣಿಗೆ ಊದುಬತ್ತಿಯ ಹೊಗೆ ಹೋಗಿತ್ತು.

3. ಸ್ತುತಿಪದ್ಯಗಳಲ್ಲಿ ಹೆಸರನ್ನಷ್ಟೇ ತಿದ್ದತಕ್ಕದ್ದು. ಭಕ್ತಿಗೆ ಕೈ ಹಚ್ಚಕೂಡದು.

4. ವಿಗ್ರಹ ಕೆತ್ತುವಾಗ ಬಡಗಿ ಪಾಂಗ್, “ಸ್ವಾಮಿ, ತಲೆಗೆ ಅಂಟು ಬ್ಯಾಡ, ಕೀಲು ಇಡೋಣ. ನಾಳೆ ಇನ್ನೊಬ್ಬ ಬರ್ತಾನೆ, ನಿಮಗೇ ಸುಲಭ” ಎಂದಿದ್ದಕ್ಕೆ ನಲವತ್ತು ಛಡಿಯೇಟು ತಿಂದು ಏಳು ವರ್ಷದಿಂದ ಸೆರೆಯಲ್ಲಿದ್ದಾನೆ. “ಅವರು ಹೇಳಿದ್ದೇ ಆಯ್ತಲ್ರೀ, ಇನ್ನೇನು ತಪ್ಪು? ಬಿಟ್ಬಿಡಿ” ಎಂಬುದು ಹೆಂಡತಿಯ ಮನವಿ. ಪರಿಶೀಲಿಸಲಾಯಿತು. ಪಾಂಗ್ ಹೇಳಿದ್ದು ಸರಿ. ಆದರೆ ಸರಿಯಾದದ್ದನ್ನು ಮೇಲಧಿಕಾರಿಗಳಿಗಿಂತ ಮೊದಲೇ ಹೇಳುವುದು ಅಪರಾಧ. ಆದಾಗ್ಯೂ, ಹೊಸ ತಲೆ ಎಂದೆಂದಿಗೂ ಬೀಳುವುದಿಲ್ಲವೆಂದು ಬರೆದುಕೊಟ್ಟರೆ ಬಿಡುಗಡೆ ಮಾಡಲಾಗುವುದೆಂದು ತಿಳಿಸಲಾಯಿತು. ಅದಕ್ಕೆ ಆತ, “ಬರ್ಕೊಡೋಕೆ ನಂದೇನೂ ಅಡ್ಡಿಯಿಲ್ಲ. ಆ ತಲೆ ನನ್ನ ಮಾತು ಕೇಳ್ಬೇಕಲ್ಲ!” ಎಂದು ಉದ್ಧಟತನದಿಂದ ನಕ್ಕಿದ್ದರಿಂದ ಮನವಿಯನ್ನು ಮುಕ್ತಾಯಗೊಳಿಸಲಾಗಿದೆ. ಆತನಷ್ಟು ನುರಿತವರು ಇಲ್ಲದ ಕಾರಣ ಹೊಸ ತಲೆಯನ್ನು ಸೆರೆಯಲ್ಲೇ ಆತನಿಂದ ಕೆತ್ತಿಸತಕ್ಕದ್ದು.

5. ಹೊಸ ತಲೆಗೆ ಅಂಟು ಹಾಕಕೂಡದು. ಕೀಲು ಇಡತಕ್ಕದ್ದು, ತಿಂಗಳಿಗೊಮ್ಮೆ ಎಣ್ಣೆ ಬಿಡತಕ್ಕದ್ದು.

(ಸಹಿ)
ವೇಯ್ ಗುವಾಂಗ್‌ಝಾವ್
ಪ್ರಾಂತೀಯ ವಿಗ್ರಹಾಧಿಕಾರಿ
(ಉಲ್ಲೇಖ 1ಕ್ಕೆ ಸಹಿ ಹಾಕಿದವರೂ ಇವರೇ ಎಂಬುದನ್ನು ಸಿಬ್ಬಂದಿ ಮರೆಯತಕ್ಕದ್ದು)

ಪ್ರತಿಗಳು:
1. ಹೊಸ ಮಹಾಮಂತ್ರಿಗಳ ಕಚೇರಿಗೆ, ಕಲಂ 5ನ್ನು ಕತ್ತರಿಸಿ.
2. ಗಾಣದವರಿಗೆ, ಕಲಂ 5 ಮಾತ್ರ.
3. ಬಂದೀಖಾನೆಯ ಅಧಿಕಾರಿಗೆ: ಕೈದಿಗೆ ಉಳಿ ಕೊಡುವುದು, ಸಂಜೆ ವಾಪಸು ಪಡೆಯುವುದು.
4. ಲ್ಯೂ ಎಂಬಾಕೆಗೆ: ಚಳಿ ಶುರುವಾಗುತ್ತಿದೆ. ಗಂಡನಿಗೆ ಹೊದಿಕೆ ತಂದುಕೊಡಬಹುದು.