ಕುಡಿಯದ ಬ್ರಾಂದಿಯ ಸಾಕ್ಷಿ

ಹೇಳಿಕೊಳ್ಳಲು ಒಂದು ಒಳ್ಳೆಯ ಪಾಪವಿಲ್ಲದವನ ಕಷ್ಟ, ಧಾರಾಳವಾಗಿ ಪಾಪ ಮಾಡಿದವರಿಗೆ ಅರ್ಥವಾಗುವುದಿಲ್ಲ. ಹಾಗೆಂದು ನಾನೇನೂ ಸಂತನಲ್ಲ. ಲೋಕಲ್ ಟ್ರೇನಿನಲ್ಲಿ ನಿದ್ದೆ ಬಂದವನಂತೆ ಕಣ್ಣು ಮುಚ್ಚಿ ಮುದುಕರಿಗೆ ಸೀಟು ಬಿಡದೆ ಕೂತಿದ್ದೇನೆ. ಹೆಂಡತಿ ತನ್ನ ತಮ್ಮನಿಗೆಂದು ಎತ್ತಿಟ್ಟ ಚಕ್ಕುಲಿಯನ್ನು ಕದ್ದು ತಿಂದು ತಪ್ಪನ್ನು ಇರುವೆಗಳ ತಲೆಗೆ ಕಟ್ಟಿದ್ದೇನೆ. ಆದರೆ ಇವೆಲ್ಲ ಚಿಲ್ಲರೆ ಪಾಪಗಳು. ಮೈಕು ಹಿಡಿದು ಹೇಳಿದರೆ ಯಾರ ಕಣ್ಣಲ್ಲೂ ನೀರು ಬರುವುದಿಲ್ಲ. ನಾವು ಉಡುಪಿ ಕಡೆಯ ಮೂರು ತಲೆಮಾರಿನ ಕ್ರೈಸ್ತರು, ಅಜ್ಜ ಉಪದೇಶಿಯಾಗಿದ್ದವರು. ಶಾಲೆಯ ದಾರಿಯಲ್ಲಿ ಸಾರಾಯಿ ಅಂಗಡಿ ಇತ್ತೆಂದು ಅಮ್ಮ ನಮ್ಮನ್ನು ಗದ್ದೆಯ ಹುಣಿಯ ಮೇಲೆ ಸುತ್ತುಬಳಸಿ ಕಳಿಸುತ್ತಿದ್ದಳು. ಹೀಗೆ ಬೆಳೆದವನಿಗೆ ಕೆಟ್ಟುಹೋಗಲು ಅವಕಾಶವಾದರೂ ಎಲ್ಲಿ?

ಈಗ ನಾನಿರುವುದು ಕೋಪರಖೈರಣೆಯಲ್ಲಿ. ಠಾಣೆ ಪಟ್ಟಣದ ನೌಪಾಡಾದ ಒಂದು ಆಫೀಸಿನಲ್ಲಿ ಗುಮಾಸ್ತ. ಭಾನುವಾರ ಬೆಳಿಗ್ಗೆ ಹತ್ತಿರದ ಮರಾಠಿ ಶಾಲೆಯ ಒಂದು ಕೋಣೆಯಲ್ಲಿ ನಮ್ಮ ಕನ್ನಡ ಪ್ರಾರ್ಥನಾ ಕೂಟ ಸೇರುತ್ತದೆ. ನಲವತ್ತು ಜನರಲ್ಲಿ ಅರ್ಧ ನಾವು ಕರಾವಳಿಯವರು, ಅರ್ಧ ಕಲಬುರಗಿ, ರಾಯಚೂರು ಕಡೆಯಿಂದ ಕೂಲಿಗೆ ಬಂದವರು. ಮೂರನೆಯ ತರಗತಿಯ ಮಕ್ಕಳ ಬೆಂಚಿನಲ್ಲಿ ಕೂತರೆ ಮೊಣಕಾಲು ಗದ್ದಕ್ಕೆ ತಾಗುತ್ತದೆ, ಹಾಗಾಗಿ ಪ್ರಾರ್ಥನೆ ಶುರುವಾಗುವ ಮೊದಲೇ ಎಲ್ಲರೂ ಭಕ್ತಿಯಿಂದ ಬಾಗಿದಂತೆ ಕಾಣುತ್ತೇವೆ. ಕಳೆದ ವರ್ಷ ನಮ್ಮ ಪಾಸ್ಟರು ಹನ್ನೆರಡು ವಾರಗಳ ಶಿಷ್ಯತ್ವದ ತರಗತಿ ಶುರುಮಾಡಿದರು. ಮುಗಿಸಿದವರಲ್ಲಿ ಒಬ್ಬರಿಗೆ ಡೊಂಬಿವಲಿಯಲ್ಲಿ ಹೊಸದಾಗಿ ತೆರೆಯುವ ಕೂಟವನ್ನು ನಡೆಸುವ ಸೇವೆ ಎಂದರು. ಆ ಸೇವೆ ನನಗೇ ಸಿಗಬೇಕೆಂದು ನಾನು ಎಷ್ಟು ಆಸೆಪಟ್ಟೆನೆಂದರೆ, ಸ್ನಾನದ ಮನೆಯಲ್ಲಿ ಮಗ್ಗನ್ನೇ ಮೈಕು ಮಾಡಿಕೊಂಡು "ಡೊಂಬಿವಲಿಯ ಪ್ರಿಯ ಸಹೋದರ ಸಹೋದರಿಯರೇ" ಎಂದು ನಾಲ್ಕು ಸಲ ಹೇಳಿ ನೋಡಿದ್ದೆ. "ಡೊಂಬಿವಲಿಯವರಿಗೆ ಮತ್ತೆ ಹೇಳುವಿರಂತೆ, ಮೊದಲು ನಳ ನಿಲ್ಲಿಸಿ ಮಾರಾಯ್ರೆ" ಎಂದು ಹೊರಗಿನಿಂದ ನನ್ನ ಹೆಂಡತಿ ವಿಮಲಾ ಕೂಗಿದ್ದೂ ಆಗಿತ್ತು.

ತರಗತಿಯ ಕೊನೆಯ ಪಾಠವೇ ಸಾಕ್ಷಿ. ಹಿಂದೆ ನಾನು ಎಂಥ ಕತ್ತಲೆಯಲ್ಲಿದ್ದೆ, ಕರ್ತನು ನನ್ನನ್ನು ಹೇಗೆ ಎತ್ತಿದ ಎಂದು ಇಡೀ ಸಭೆಯ ಮುಂದೆ ಹೇಳಬೇಕು. ನನ್ನ ಕೆಟ್ಟ ಗ್ರಹಚಾರಕ್ಕೆ ನನಗಿಂತ ಮೊದಲಿನ ಸರದಿ ಬಸವರಾಜನದು. ಕಲಬುರಗಿ ಕಡೆಯವನು, ವಾಶಿಯ ಮಾರ್ಕೆಟಿನಲ್ಲಿ ಈರುಳ್ಳಿ ಮೂಟೆ ಹೊರುವವನು. ಅವನು ಮೈಕನ್ನು ಬಲಗೈಯಿಂದ ಎಡಗೈಗೆ ಬದಲಾಯಿಸುತ್ತ ಹೇಳಿದ್ದು ಇಷ್ಟೇ: "ಕುಡೀತಿದ್ದೆ ರೀ. ಹೆಂಡ್ತಿ ತಾಳಿನೂ ಕುಡದೆ. ಹೆಂಡ್ತಿ ನಾಗಮ್ಮ ಕೂಸಿನ್ನ ಎತ್ಕೊಂಡು ತೌರಿಗಿ ಹೋದ್ಳು. ಆರು ತಿಂಗಳ ಮುಟ್ಟಲಾರದ ಇದ್ದು ತೋರ್ಸು, ಆಮ್ಯಾಲ ಬರ್ತೀನಿ ಅಂದಾಳ. ಇವತ್ತಿಗಿ ಇಪ್ಪತ್ತು ದಿನ ಆತ್ರಿ." ಸಭೆಯಲ್ಲಿ ಸೆರಗುಗಳು ಕಣ್ಣಿಗೆ ಹೋದವು. ಪಾಸ್ಟರು ಕನ್ನಡಕ ತೆಗೆದು ಒರೆಸಿಕೊಂಡರು.

ಅದರ ಬೆನ್ನಿಗೇ ನಾನು ಎದ್ದು ಚಕ್ಕುಲಿಯ ಕಥೆ ಹೇಳುವುದೇ? ಎರಡು ವಾಕ್ಯ ಹೇಳುವಷ್ಟರಲ್ಲಿ ಮುಂದಿನ ಬೆಂಚಿನ ಒಬ್ಬರು ಆಕಳಿಸಿದರು. ಡೊಂಬಿವಲಿ ಕೈತಪ್ಪಿ ಹೋಗುವುದು ನನಗೆ ಕಣ್ಣಿಗೆ ಕಟ್ಟಿದಂತೆ ಕಂಡಿತು. ಆಗ ನನ್ನ ಬಾಯಿ, ನನ್ನನ್ನು ಒಂದು ಮಾತೂ ಕೇಳದೆ, "ನಾನೂ ಕುಡಿಯುತ್ತಿದ್ದೆ!" ಎಂದಿತು. ಸಭೆ ನೆಟ್ಟಗೆ ಕೂತಿತು. ಅಷ್ಟು ಸಾಕಿತ್ತು. ಆದರೆ ಮೈಕಿನ ರುಚಿ ಹತ್ತಿದವನಿಗೆ ನಿಲ್ಲಿಸಲು ಬರುತ್ತದೆಯೇ? "ದಿನಾ ಬ್ರಾಂದಿ! ಹನ್ನೆರಡು ವರ್ಷ! ಒಂದೇ ದಿನದಲ್ಲಿ ಬಿಟ್ಟೆ!" ಎಂದೆ. "ಸ್ತೋತ್ರ! ಸ್ತೋತ್ರ!" ಎಂದು ಕೋಣೆ ಗುಡುಗಿತು. ಎರಡನೆಯ ಬೆಂಚಿನಲ್ಲಿ ವಿಮಲಾ ಬಾಯಿ ತೆರೆದವಳು ಮುಚ್ಚಲೇ ಇಲ್ಲ.

ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಆಕೆ ಕೇಳಿದಳು: "ಹನ್ನೆರಡು ವರ್ಷ ನಾನು ಎಲ್ಲಿದ್ದೆ ಮಾರಾಯ್ರೆ? ಕೆಮ್ಮಿನ ಸಿರಪ್ಪು ಕುಡಿದರೆ ನಿಮಗೆ ತಲೆ ತಿರುಗುತ್ತದೆ, ಬ್ರಾಂದಿ ಎಂತ ಬ್ರಾಂದಿ?" ಮಗಳಂತೂ ಮೊಬೈಲಿನಿಂದ ತಲೆಯೆತ್ತಿ, ಇದೇ ಮೊದಲ ಸಲ ನನ್ನನ್ನು ಗೌರವದಿಂದ ನೋಡಿ, "ಪಪ್ಪಾ, ಸಚ್ ಮೇ?" ಎಂದಳು. ಆ ವಾರವೆಲ್ಲ ಕೂಟದ ಹೆಂಗಸರು ಮೀನುಸಾರು, ಅಕ್ಕಿಯ ಪುಂಡಿ ಹಿಡಿದುಕೊಂಡು ಬಂದು ವಿಮಲಾಳ ತಲೆ ಸವರಿ, "ಎಷ್ಟು ಸಹಿಸಿಕೊಂಡೆ ಮಾರಾಯ್ತಿ!" ಎಂದು ಕಣ್ಣೀರು ಹಾಕಿದರು. ಸಾರು ಚೆನ್ನಾಗಿದ್ದುದರಿಂದ ಆಕೆ ನಿಜ ಹೇಳಲಿಲ್ಲವೆಂದು ನನ್ನ ಗುಮಾನಿ.

ನಿಜವಾದ ಪೇಚಾಟ ಶುರುವಾದದ್ದು ಮರುದಿನವೇ, ಸೋಮವಾರ ಸಂಜೆ. ಠಾಣೆಯಿಂದ ಬಂದ ಟ್ರೇನು ಇಳಿದು ಹೊರಗೆ ಬಂದರೆ, ಟಿಕೆಟ್ ಕಿಟಕಿಯ ಬಳಿ ಬಸವರಾಜ ನಿಂತಿದ್ದ. "ಅಣ್ಣಾರ, ನಿಮ್ಮ ಸೆಕ್ಟರಿಗಿ ಹೋಗೋ ದಾರ್ಯಾಗ ಎರಡು ಬಾರು, ಒಂದು ದೇಶಿ ದಾರೂ ಅಂಗಡಿ ಅವ. ಒಬ್ಬರ ಹೋಗಬ್ಯಾಡ್ರಿ. ನಾ ಬರ್ತೀನಿ" ಎಂದ. ಹನ್ನೆರಡು ವರ್ಷ ಬ್ರಾಂದಿ ಕುಡಿದವನು ಯಾವ ಮುಖ ಹೊತ್ತು ಬೇಡವೆನ್ನುತ್ತಾನೆ? ಅಂದಿನಿಂದ ದಿನಾ ಅವನು ಅಂಗಡಿಯ ಕಡೆಯ ಮಗ್ಗುಲಿಗೆ, ನಾನು ರಸ್ತೆಯ ಕಡೆಗೆ. ಬಾರು ಹತ್ತಿರ ಬಂದಂತೆ ನನ್ನ ತೋಳು ಹಿಡಿದುಕೊಳ್ಳುತ್ತಿದ್ದ. ಮೂಟೆ ಹೊರುವ ಕೈ ನೋಡಿ, ಹಿಡಿತ ಉಡದ ಹಿಡಿತ. ಮನೆಯ ಗೇಟು ಮುಟ್ಟಿದ ಮೇಲೆ "ಇವತ್ತಿಂದು ದಾಟಿದ್ವಿ ನೋಡ್ರಿ" ಎಂದು ಹೇಳಿ ತನ್ನ ಬಾಡಿಗೆಯ ಖೋಲಿಗೆ ಹೋಗುತ್ತಿದ್ದ. ನಡುವೆ ಪ್ರಶ್ನೆಗಳು ಬೇರೆ. "ನಿಮಗ ಕೈ ನಡಗ್ತಿದ್ದಿಲ್ಲೇನ್ರಿ?" "ನಿದ್ದಿ ಹ್ಯಾಂಗ ಬರ್ತಿತ್ರಿ?" ನಾನು ಹಾಂ ಹೂಂ ಎನ್ನುತ್ತ, ನಿಂಬೆ ಶರಬತ್ತು ಕುಡಿ, ಕೀರ್ತನೆ ಹಾಡು ಎಂದು ತೋಚಿದ್ದು ಹೇಳುತ್ತಿದ್ದೆ.

ಹೀಗೆ ಎರಡು ತಿಂಗಳು ಕಳೆಯಿತು. ಒಂದು ಸಂಜೆ ಅವನು ದೇಶಿ ಅಂಗಡಿಯ ಎದುರು ಕಾಲು ಕಿತ್ತಿಡದೆ ನಿಂತೇಬಿಟ್ಟ. ಕೂಸಿಗೆ ಜ್ವರವಂತೆ, ನಾಗಮ್ಮ ಫೋನಿನಲ್ಲಿ ಅತ್ತಳಂತೆ. ಹಣೆಯ ಮೇಲೆ ಬೆವರು. "ಇವತ್ತ ಆಗಂಗಿಲ್ಲ ಅನಸ್ತದ ಅಣ್ಣಾರ. ಹ್ಯಾಂಗ ದಾಟಬೇಕು, ಖರೇ ಹೇಳ್ರಿ" ಎಂದ. ಮುಳುಗುತ್ತಿರುವವನು ಹಗ್ಗ ಕೇಳುತ್ತಿದ್ದಾನೆ, ನನ್ನ ಕೈಯಲ್ಲಿರುವುದು ಬರೀ ಬುರುಡೆ. ನಾಚಿಕೆಯಿಂದ ನನಗೆ ಅಳುವೇ ಬಂತು. "ಬಸವರಾಜಾ, ನಾನು ಜನ್ಮದಲ್ಲಿ ಒಂದು ತೊಟ್ಟು ಕುಡಿದವನಲ್ಲ ಮಾರಾಯ. ಡೊಂಬಿವಲಿಯ ಆಸೆಗೆ ಸುಳ್ಳು ಹೇಳಿದೆ. ನನ್ನನ್ನು ಬೇಕಾದರೆ ಬೈ, ಹೊಡಿ. ಆದರೆ ಒಳಗೆ ಹೋಗಬೇಡ" ಎಂದು ಈ ಸಲ ನಾನೇ ಅವನ ತೋಳು ಹಿಡಿದೆ.

ಅವನು ನನ್ನನ್ನೊಮ್ಮೆ, ಅಂಗಡಿಯನ್ನೊಮ್ಮೆ ನೋಡಿದ. ಆಮೇಲೆ ಅಂಥಾ ಹೊತ್ತಿನಲ್ಲೂ ನಕ್ಕುಬಿಟ್ಟ. "ನನಗ ಮೊದಲನೇ ದಿನಾನೇ ಗೊತ್ತಾಗ್ಯಾದ್ರಿ. ಇಲ್ಲಿ ವಾಸನಿ ಬಂದ ಕೂಡ್ಲೆ ನೀವು ಕರ್ಚೀಫ್ ತಗದು ಮೂಗಿಗಿ ಹಿಡದ್ರಿ. ಕುಡಿಯಾಂವ ಯಾಂವನೂ ಮೂಗು ಮುಚ್ಚಂಗಿಲ್ರಿ, ಇನ್ನಾ ಜೋರ್ ಎಳ್ಕೋತಾನ."

"ಮತ್ತೆ ಎರಡು ತಿಂಗಳಿಂದ ನನ್ನನ್ನು ಯಾಕೆ ಕಾಯುತ್ತಿದ್ದೀ?"

"ಒಬ್ಬಂವಗ ಈ ದಾರಿ ದಾಟಲಿಕ್ಕಿ ಆಗಂಗಿಲ್ರಿ. ನನ್ನ ಜೋಡಿ ಬರ್ರಿ ಅನ್ಲಿಕ್ಕಿ ನಾಚಿಕಿ. ನಿಮಗ ಕಾಯ್ಲಿಕತ್ತೀನಿ ಅಂತ ತಿಳ್ಕೊಂಡ್ರ ನನ್ನ ಕಾಲು ನಡೀತಾವ್ರಿ" ಎಂದ. ನಾವಿಬ್ಬರೂ ತೋಳಿಗೆ ತೋಳು ಕೊಟ್ಟು ಅಂಗಡಿ ದಾಟಿದೆವು. ಅಂದು ಅವನನ್ನು ಖೋಲಿಗೆ ಕಳಿಸದೆ ಮನೆಗೆ ಕರೆದುಕೊಂಡು ಹೋದೆ. ವಿಮಲಾ ಅನ್ನ, ಬಂಗುಡೆ ಮೀನಿನ ಸಾರು ಬಡಿಸಿದಳು. ಊಟವಾದ ಮೇಲೆ ಅವನು ಫೋನು ಮಾಡಿದ. ಕೂಸಿನ ಜ್ವರ ಇಳಿದಿತ್ತು.

ಮುಂದಿನ ಭಾನುವಾರ ನಾನು ಮೈಕು ಕೇಳಿ ಪಡೆದು, ಇದ್ದದ್ದು ಇದ್ದ ಹಾಗೆ ಸಭೆಯ ಮುಂದೆ ಹೇಳಿದೆ. ಯಾರೂ ಸ್ತೋತ್ರ ಎನ್ನಲಿಲ್ಲ. ಸಾರು ತಂದಿದ್ದ ಹೆಂಗಸರು ಮಾತ್ರ ವಿಮಲಾಳ ಕಡೆಗೆ ತಿರುಗಿ ನೋಡಿದರು. ಡೊಂಬಿವಲಿಯ ಸೇವೆ ರಾಯಚೂರಿನ ಒಬ್ಬ ಗಾರೆಯವನಿಗೆ ಹೋಯಿತು, ಅವನು ಚೆನ್ನಾಗಿಯೇ ನಡೆಸುತ್ತಿದ್ದಾನೆ. ಪಾಸ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಸದಾನಂದರೇ, ಸಂಜೆಯ ಟ್ರೇನು ಮಾತ್ರ ತಪ್ಪಿಸಬೇಡಿ" ಎಂದರು. ನಾನು ತಪ್ಪಿಸಲಿಲ್ಲ.

ಆರು ತಿಂಗಳು ತುಂಬಿದ ಮೇಲೆ ನಾಗಮ್ಮ ಬಂದಳು. ಆರಾಧನೆ ಮುಗಿದು ಶಾಲೆಯ ಗೇಟಿನಲ್ಲಿ ನಾವೆಲ್ಲ ನಿಂತಿದ್ದಾಗ ಬಸವರಾಜ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೂಸಿನ ಕೈ ಹಿಡಿದಿದ್ದ ಆಕೆಯನ್ನು ನೇರ ನನ್ನೆದುರಿಗೇ ಕರೆತಂದ. ಎದೆ ಉಬ್ಬಿಸಿ, "ಇವ್ರೇ ನೋಡು ಸದಾನಂದಣ್ಣ. ಹನ್ನೆರಡು ವರ್ಷ ಬ್ರಾಂದಿ ಕುಡದವರು. ದಿನಾ ಕೈ ಹಿಡದು ಮನಿ ಮುಟ್ಟಿಸಿ ಬಿಡಿಸಿದಾಂವ ನಾನೇ" ಎಂದ. ನಾಗಮ್ಮ ಗಂಡನ ಮುಖ ನೋಡಿದಳು. ಆ ನೋಟದಲ್ಲಿದ್ದ ಹೆಮ್ಮೆಯನ್ನು ನಾನು ಇಷ್ಟು ವರ್ಷದ ಸಂಸಾರದಲ್ಲಿ ಒಮ್ಮೆಯೂ ಗಳಿಸಿಲ್ಲ. ಸುತ್ತ ನಲವತ್ತು ಜನ, ಎಲ್ಲರಿಗೂ ನಿಜ ಗೊತ್ತು. ಒಬ್ಬರೂ ಬಾಯಿ ಬಿಡಲಿಲ್ಲ. ಪಾಸ್ಟರು ತಮ್ಮ ಚಪ್ಪಲಿಯನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

"ಹೌದಮ್ಮ" ಎಂದೆ ನಾನು, ಕೈ ಮುಗಿದು. "ಇವನು ಇಲ್ಲದಿದ್ದರೆ ನಾನು ಹಾಳಾಗಿ ಹೋಗುತ್ತಿದ್ದೆ."

ವಿಮಲಾ ನಿಟ್ಟುಸಿರು ಬಿಟ್ಟು, "ಮನೆಯಲ್ಲಿ ತುಂಬ ಕಷ್ಟ ಇತ್ತು ಮಾರಾಯ್ತಿ" ಎಂದಳು.

ನಾಗಮ್ಮ ನನಗೂ ನಮಸ್ಕಾರ ಮಾಡಿದಳು. ಆದರೆ ಕೂಸನ್ನು ಮಾತ್ರ ಮೆಲ್ಲನೆ ನನ್ನ ಕಡೆಯಿಂದ ತನ್ನ ಇನ್ನೊಂದು ಮಗ್ಗುಲಿಗೆ ಎಳೆದುಕೊಂಡಳು.