ಊರಿಗಾಂನಲ್ಲಿ ಬಗ್ಗಬಾರದು

ತಲೆ ಎತ್ತಿ ನಡೆಯುವವರು, ತಗ್ಗಿಸಿ ನಡೆಯುವವರು ಎಂದು ಮನುಷ್ಯರಲ್ಲಿ ಎರಡು ಜಾತಿಯಿದ್ದರೆ ನಾನು ಎರಡನೆಯದಕ್ಕೆ ಸೇರಿದವನು. ವಿನಯದಿಂದಲ್ಲ. ನೆಲದ ಮೇಲೆ ಏನಾದರೂ ಚೆಂದದ್ದು ಬಿದ್ದಿದ್ದರೆ ಬಿಟ್ಟು ಹೋಗಲಾರೆ, ಅಷ್ಟೇ. ಅದರಲ್ಲೂ ಮಳೆ ನಿಂತು ಕಾರ್ತಿಕ ಹಿಡಿಯುವ ಹೊತ್ತಿಗೆ ಏನೆಲ್ಲ ಬಿದ್ದಿರುತ್ತದೆ! ಒಡೆದ ಹೊಂಗೆಕಾಯಿ, ಅಂಗಿಯ ಗುಂಡಿಯಂಥ ನೀಲಗಿರಿ ಕಾಯಿ, ಗಾಳಿಗೆ ಕಳಚಿದ ಗೀಜಗನ ಗೂಡು. ಒಮ್ಮೆ ನೀಲಕಂಠದ ಗರಿಯೊಂದು ಸಿಕ್ಕಿ, ಅದರ ನೀಲಿಯನ್ನು ನೋಡುತ್ತ ನಿಂತು ಮೊದಲ ಪೀರಿಯಡ್ಡನ್ನೇ ತಪ್ಪಿಸಿಕೊಂಡೆ. ಡ್ರಾಯಿಂಗ್ ಮೇಷ್ಟ್ರಾದ್ದರಿಂದ ಯಾರೂ ಗಮನಿಸಲಿಲ್ಲ.

ಮನೆ ಬಂಗಾರಪೇಟೆ, ಶಾಲೆ ಊರಿಗಾಂ. ಬೆಳಗಿನ ರೈಲು ನನ್ನನ್ನು ಗಂಟೆ ಹೊಡೆಯುವ ಒಂದು ತಾಸು ಮುಂಚೆಯೇ ಇಳಿಸಿಬಿಡುತ್ತದೆ. ಆ ತಾಸು ನನ್ನದು. ಗಣಿ ಕೆಲಸಗಾರರ ಹಳೆಯ ಲೈನ್ ಮನೆಗಳ ಹಿಂದೆ, ಮಂಜಿನಲ್ಲಿ, ಚಿನ್ನ ತೆಗೆದು ಉಳಿದ ಮಣ್ಣು ಸುರಿದು ಎದ್ದ ಸೈನೈಡ್ ಗುಡ್ಡಗಳು ಇವೆಯೋ ಇಲ್ಲವೋ ಎಂಬಂತೆ ನಿಂತಿರುತ್ತವೆ. ನಾನೂ ಇದ್ದೇನೋ ಇಲ್ಲವೋ ಎಂಬಂತೆ ಅಲೆಯುತ್ತೇನೆ. ಸಂಜೆ ಮನೆಯಲ್ಲಿ ಮಾತ್ರ ನಾನಿರುವುದು ಖಚಿತವಾಗುತ್ತದೆ. "ರೀ, ನಿಮ್ಮ ಷರ್ಟು ಒಗೆಯೋದೂ ಅಕ್ಕಿ ಆರಿಸೋದೂ ಒಂದೇ ಆಯ್ತು. ಮೊದಲು ಕಲ್ಲು ತೆಗೀಬೇಕು," ಎನ್ನುತ್ತಾಳೆ ನನ್ನ ಹೆಂಡತಿ ಸರೋಜ.

ಹೋದ ಕಾರ್ತಿಕದಲ್ಲಿ ಒಂದು ಬೆಳಿಗ್ಗೆ ಬೇಲಿಯ ಬುಡದಲ್ಲಿ ಕೂತು ಗುಲಗಂಜಿ ಆರಿಸುತ್ತಿದ್ದೆ. "ಏನ್ ಸಾರ್ ತೇಡ್ತಾ ಇದ್ದೀರಿ?" ಎಂದು, ಏನು ಹುಡುಕುತ್ತಿದ್ದೇನೆಂದು ಕೇಳುವ ತಮಿಳು ಬೆರೆತ ದನಿ ಬಂತು. ಮಫ್ಲರ್ ಸುತ್ತಿಕೊಂಡ ಏಳುಮಲೈ. ಚಿನ್ನದ ಗಣಿಯಲ್ಲಿ ನೆಲದಡಿ ದುಡಿದು ಮುದುಕರಾದವರು, ದಿನಾ ನಮಸ್ಕಾರ ಹೇಳುವವರು. ತಲೆ ನರೆತ ಮೇಷ್ಟ್ರು ಕಾಳು ಆರಿಸುತ್ತಿದ್ದೇನೆ ಎನ್ನಲು ನಾಚಿಕೆಯಾಯಿತು. "ಏನಿಲ್ಲ, ಸುಮ್ನೆ," ಎಂದು ಮುಷ್ಟಿ ಬಿಗಿದೆ.

ಅದೇ ತಪ್ಪಾಯಿತು. ಬೇರೆ ಊರಿನಲ್ಲಿ ಮುಚ್ಚಿದ ಮುಷ್ಟಿಯನ್ನು ಯಾರು ಕೇಳುತ್ತಾರೆ? ಊರಿಗಾಂನಲ್ಲಿ ಗಣಿ ಮುಚ್ಚಿ ಎಷ್ಟೋ ವರ್ಷವಾದರೂ ಬಗ್ಗಿದವನನ್ನು ಜನ ಸುಮ್ಮನೆ ನೋಡುವುದಿಲ್ಲ.

ಮಾರನೆಯ ದಿನ ನನಗಿಂತ ಮೊದಲೇ ಏಳುಮಲೈ ಅದೇ ಬೇಲಿಯ ಹತ್ತಿರ ಬಗ್ಗಿದ್ದರು. ನಮಸ್ಕಾರವಿಲ್ಲ. ಅದರ ಮಾರನೆಯ ದಿನ ಇನ್ನಿಬ್ಬರು. ಶನಿವಾರದ ಹೊತ್ತಿಗೆ ಮಂಜಿನೊಳಗೆ ಏಳೆಂಟು ಬೆನ್ನುಗಳು, ಗದ್ದೆಯಲ್ಲಿ ನಾಟಿ ಹಾಕುವವರಂತೆ ಮೆಲ್ಲಗೆ ಚಲಿಸುತ್ತಿದ್ದವು. ನನ್ನ ಕಷ್ಟ ಮರೆತು ನೋಡಿದರೆ ಬಹಳ ಸುಂದರವಾದ ದೃಶ್ಯ. ಮೂಲೆಯಲ್ಲಿ ಇಡ್ಲಿ ಮಾರುವ ಮುನಿಯಮ್ಮ ಪಕ್ಕಕ್ಕೆ ಕರೆದು, "ಮೇಷ್ಟ್ರೇ, ನಮ್ಗೂ ಒಸಿ ಜಾಗ ತೋರ್ಸಿ. ಯಾರ್ ತಾವ್ಲೂ ಬಾಯ್ ಬಿಡಾಕಿಲ್ಲ," ಎಂದಳು. ಶಾಲೆಯಲ್ಲಿ ಹೆಡ್‌ಮಾಸ್ಟರು, "ಏನ್ರೀ, ಕೆಲಸ ಬಿಡ್ತೀರಂತೆ? ಇನ್ನು ನಿಮಗ್ಯಾಕೆ ಬಿಡಿ ಈ ಸಂಬಳ," ಎಂದರು.

ಇದೆಲ್ಲ ನಗುವ ವಿಷಯವೇ. ಆದರೆ ಏಳುಮಲೈ ಮುಖ ತಿರುಗಿಸಿ ಹೋಗುತ್ತಿದ್ದುದು ನನ್ನನ್ನು ಕೊರೆಯಿತು. ಸೋಮವಾರ, ಆರಿಸಿದ್ದನ್ನೆಲ್ಲ ತುಂಬಿಡುವ ನನ್ನ ರಟ್ಟಿನ ಡಬ್ಬವನ್ನೇ ತಂದು ಅವರ ಮನೆ ಜಗಲಿಯಲ್ಲಿ ಬಿಚ್ಚಿಟ್ಟೆ. ಕಾಳು, ಕಾಯಿ, ಗೂಡು, ಗರಿ. "ಇಷ್ಟೇ ಏಳುಮಲೈ. ನಾನು ಹುಡುಕಿದ್ದು ಇದನ್ನೇ."

ಅವರು ಒಂದೊಂದನ್ನೂ ಅಂಗೈಯಲ್ಲಿಟ್ಟು ನೋಡಿದರು. ಆಮೇಲೆ, "ಮೂವತ್ತು ವರ್ಷ ಕೆಳಗಿದ್ದೆ ಸಾರ್. ಕತ್ತಲೆ, ಬಂಡೆ, ಸೆಕೆ. ಮೇಲೆ ಇದೆಲ್ಲಾ ಉದುರ್ತಾ ಇತ್ತು ಅಂತ ನಂಗೆ ತೆರಿಯಲೇ ಇಲ್ಲ," ಎಂದರು.

"ಮತ್ತೆ ನೀವು ಬಗ್ಗಿದ್ದು?"

"ಓದಿದೋರು ಬಗ್ಗಿದ್ರೆ ಏನಾದ್ರೂ ಇರ್ಬೇಕಲ್ಲ ಅಂತ." ನಕ್ಕರು. ಗರಿಯನ್ನು ಕೈಯಿಂದ ಬಿಡಲು ಅವರಿಗೆ ಮನಸ್ಸಿದ್ದಂತಿರಲಿಲ್ಲ. ನನಗೆ ಕೊಡಲು ಮನಸ್ಸಿರಲಿಲ್ಲ. ಕೊನೆಗೆ ಕೊಟ್ಟೆ. ಅವರು ಜೇಬಿನಿಂದ ಹಳದಿ ಮಿನುಗಿನ ಪುಟ್ಟ ಕಲ್ಲೊಂದನ್ನು ತೆಗೆದು, "ಬಂಗಾರ ಅಲ್ಲ ಸಾರ್, ನಂಗೆ ಗೊತ್ತು. ಬಿಸಿಲಿಗೆ ಚೆನ್ನಾಗಿ ಕಾಣ್ಸುತ್ತೆ, ಇಟ್ಕೊಳ್ಳಿ," ಎಂದರು.

ದಿನವಿಡೀ ಹಗುರವಾಗಿದ್ದೆ. ಚೆಲುವಿನ ಮುಂದೆ ಚಿನ್ನ ಯಾವ ಲೆಕ್ಕ ಎಂದು ಏಳನೇ ತರಗತಿಗೆ ಅರ್ಧ ಗಂಟೆ ಹೇಳಿದೆ. ಸಂಜೆ ಬಂಗಾರಪೇಟೆಯಲ್ಲಿ ರೈಲಿಳಿದಾಗ ಕಾಲು ಮಾತ್ರ ಮನೆಯ ಕಡೆ ಹೋಗದೆ ಪೇಟೆಬೀದಿಯ ಅಕ್ಕಸಾಲಿ ಆಚಾರರ ಅಂಗಡಿಗೆ ಹೋಯಿತು. ಏಳುಮಲೈ ಕೊಟ್ಟ ಕಲ್ಲನ್ನು ಮುಂದಿಟ್ಟರೆ ಆಚಾರರು ಒರೆಗಲ್ಲನ್ನು ಮುಟ್ಟಲೂ ಇಲ್ಲ.

"ಊರಿಗಾಂನಿಂದ ಬಂದ್ರಾ? ಒಂದು ವಾರದಲ್ಲಿ ನಾಲ್ಕು ಜನ ಬಂದಿದ್ರು ಸ್ವಾಮಿ. ಎಲ್ಲಾರೂ ಕಲ್ಲು ನಂದಲ್ಲ, ಸ್ನೇಹಿತರದ್ದು ಅಂದ್ರು. ನಿಮ್ದು?"

"ಸ್ನೇಹಿತರದ್ದು," ಎಂದೆ.

ನಿಜವನ್ನೇ ಹೇಳಿದ್ದೆ. ಆಚಾರರು ನಕ್ಕ ರೀತಿ ನೋಡಿ ನನಗೇ ನಂಬಿಕೆ ಬರಲಿಲ್ಲ.